ಎರಡು ಸಲ ರಿಂಗಾದರೆ ಬಾ

ನನ್ನ ಗಂಡ ಫೋನನ್ನ ಕಿವಿಗೆ ಇಟ್ಟುಕೊಳ್ಳುತ್ತಿರಲಿಲ್ಲ. ಇದನ್ನ ಮೊದಲೇ ಹೇಳಿಬಿಡುತ್ತೇನೆ. ಆವಯ್ಯನಿಗೆ ಫೋನ್ ಮಾಡುವುದು ಅಂದರೆ ಮಿಸ್ ಕಾಲ್ ಕೊಡುವುದು, ಅಷ್ಟೇ. ಎರಡನೇ ಗುಂಡಿ ಒತ್ತಿ ಹಿಡಿದರೆ ಮನೆಯಲ್ಲಿರುವ ನನ್ನ ಫೋನಿಗೆ ಹೋಗುವ ಹಾಗೆ ಮಗ ಮಾಡಿಕೊಟ್ಟಿದ್ದ. ಅದನ್ನ ಒತ್ತಿ, ಫೋನನ್ನ ತೊಡೆ ಮೇಲೆ ಇಟ್ಟುಕೊಂಡು, ಒಂದು ರಿಂಗಿನಷ್ಟು ಹೊತ್ತು ಬಿಟ್ಟು, ಕಟ್ ಮಾಡಿ ಜೇಬಿಗೆ ಹಾಕುವುದು. ಒಂದು ಸಲ ರಿಂಗಾದರೆ ಬುತ್ತಿ ತಗೊಂಡು ಬಾ. ಎರಡು ಸಲ ಆದರೆ ಇದ್ದಂಗೆ ಎದ್ದು ಬಾ.

ತಮಿಳುನಾಡಿಗೆ ಸೇರಿದ ನಮ್ಮ ಜವಳಗಿರಿ ಕಡೆ ಕಾಡಂಚಿನಲ್ಲಿ ಮೇಕೆ ಮೇಯಿಸುವವರೆಲ್ಲ ಹೀಗೆಯೇ ಮಾಡುತ್ತಿದ್ದರು. ಮಾತಾಡಿದರೆ ಕಾಸು ಕರಗುತ್ತಿದ್ದ ಕಾಲದಲ್ಲಿ ಕಲಿತ ಅಭ್ಯಾಸ. ಆಮೇಲೆ ಎಷ್ಟು ಮಾತಾಡಿದರೂ ಒಂದೇ ಅಂತ ಆಯಿತು, ಆದರೂ ಯಾರೂ ಬಿಡಲಿಲ್ಲ. ಒಂದು ದಿನ ನಾನೇ ಕೇಳಿದೆ, "ಏನಯ್ಯಾ, ಒಂದು ಮಾತಾಡಿದ್ರೆ ನಿನ್ನ ಗಂಟು ಹೋಗ್ತದಾ?"

"ನಿನ್ನ ಮಾತು ಮನೇಲೇ ಸಾಕಾಗ್ತದೆ. ಕಾಡಿಗೂ ಯಾಕೆ ಹೊತ್ಕೊಂಡೋಗ್ಲಿ?" ಅಂದ.

ಅದೂ ಸರಿಯೇ.

ಸೊಸೆ ಮಾತ್ರ ಫೋನಿನ ಒಳಗೇ ಕೆಲಸ ಮಾಡುವವಳು. ಮಗ ಹೊಸೂರಿನ ಫ್ಯಾಕ್ಟರಿಗೆ ಹೋದರೆ ಇವಳು ಕಂಪನಿ ಬಸ್ಸು ಹತ್ತಿ ಬಾರ್ಡರ್ ದಾಟಿ ಬೆಂಗಳೂರು ಕಡೆ ಹೋಗಿ ಸಂಜೆ ಬರುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಏನು ಕೆಲಸ ಅಂತ ಕೇಳಿದರೆ ಕಂಪ್ಯೂಟರ್ ಅನ್ನುತ್ತಿದ್ದಳು. ಕಂಪ್ಯೂಟರ್ ಅಂದರೆ ನಮಗೆ ಮುಗಿಯಿತು, ಮುಂದೆ ಕೇಳುವಂಥದ್ದೇನೂ ಇಲ್ಲ.

ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಫೋನನ್ನ ಯಾರೋ ಎತ್ತಿಕೊಂಡು ಹೋದ ಮೇಲೆ ನಾನು ಸರಿಯಾಗಿ ಕೇಳಿದೆ. ಅದರಲ್ಲಿ ಇದ್ದದ್ದು ಮೇಕೆಗಳ ಫೋಟೋ, ಸೊಸೆಯ ಮದುವೆ ಫೋಟೋ. ಮೇಕೆಯನ್ನ ಯಾರು ನೋಡಿದರೆ ನನಗೇನು? ಆದರೆ ಸೊಸೆ ಆವತ್ತು ಊಟ ಮಾಡಲಿಲ್ಲ. ಯಾವನೋ ಕೂತುಕೊಂಡು ನನ್ನ ಮುಖ ನೋಡ್ತಿರ್ತಾನೆ ಅತ್ತೆ ಅಂದಳು. ಇನ್ನು ಹಂಗಾಗಬಾರದು ಅಂತಲೇ ನಮ್ಮ ಆಫೀಸಲ್ಲಿ ಕೆಲಸ ನಡೀತಾ ಅದೆ ಅಂದಳು.

"ಬೀಗ ಹಾಕೋದಾ?"

"ಬೀಗ ಅಲ್ಲ ಅತ್ತೆ. ಬೀಗ ಒಡೆದ್ರೆ ಒಳಗಿರೋದು ಸಿಕ್ತದೆ. ಇದು ಒಳಗಿರೋದನ್ನೆಲ್ಲ ಬೀಸಿ ಇಟ್ಟಂಗೆ. ರಾಗಿ, ಹುರುಳಿ, ಅವರೆ ಎಲ್ಲಾ ಸೇರಿ ಒಂದೇ ಹಿಟ್ಟು. ಬಾಗಿಲು ಒಡ್ಕೊಂಡು ಬಂದೋನಿಗೂ ಬರೀ ಹಿಟ್ಟೇ ಕಾಣೋದು. ನೀವಿಟ್ಟ ಗುಟ್ಟಿನ ಅಂಕಿ ಒತ್ತಿದ್ರೆ ಮಾತ್ರ ಹಿಟ್ಟು ತಿರುಗಾ ಕಾಳಾಗ್ತದೆ."

"ಹಿಟ್ಟು ಕಾಳಾಗಿದ್ದನ್ನ ನಾನೆಲ್ಲೂ ನೋಡಿಲ್ಲ. ನಿಮ್ಮ ಆಫೀಸಲ್ಲಿ ನೋಡವ್ರಾ?"

"ಅದಕ್ಕೇ ಸಂಬಳ ಕೊಡೋದು."

ಆವಯ್ಯ ಜಗುಲಿಯಿಂದ ಕೂಗಿದ. "ನಿಮ್ಮತ್ತೇನೂ ಕರ್ಕೊಂಡೋಗಮ್ಮಿ. ಸರಿಯಾಗಿದ್ದಿದ್ದನ್ನ ಹಿಟ್ಟು ಮಾಡೋದ್ರಲ್ಲಿ ಅವಳು ಎತ್ತಿದ ಕೈ."

ಅವಳು ನಕ್ಕಳು. ನಾನು ನಗಲಿಲ್ಲ.

ಆಮೇಲೆ ಆಫೀಸಿನಿಂದಲೇ ನನಗೊಂದು ಫೋನ್ ತಂದಳು. ಹೊರಗೆ ಮಾರುವ ಮುಂಚೆ ಮನೆ ಮಂದಿ ಬಳಸಿ ನೋಡಲಿ ಅಂತ ಆಫೀಸಿನವರಿಗೆಲ್ಲ ಒಂದೊಂದು ಕೊಟ್ಟಿದ್ದರಂತೆ. ಅಂಕಿ ಏನಿಡಲಿ ಅಂದಳು. ನಮ್ಮೂರ ಬಸ್ಸಿನ ನಂಬರ್ ಇಡು ಅಂದೆ. ಬೋರ್ಡಿನ ತಮಿಳು ನನಗೆ ಓದಲು ಬಾರದು, ನಂಬರ್ ನೋಡಿಯೇ ಹತ್ತುವವಳು. ಅದು ಸಾಲದು ಅಂದಳು. ಹಂಗಾದರೆ ಅದನ್ನೇ ಎರಡು ಸಲ ಬರಿ ಅಂದೆ.

ಫೋನ್ ಚೆನ್ನಾಗಿಯೇ ಇತ್ತು. ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ. ಹಳ್ಳಿ ಮನೆಯಲ್ಲಿ ಫೋನ್ ಗೂಡಿನಲ್ಲೇ ಇರುತ್ತದೆ. ರಿಂಗಾದಾಗ ಹೋಗಿ ಎತ್ತುತ್ತೇವೆ, ಮಿಕ್ಕ ಹೊತ್ತಿನಲ್ಲಿ ಅದರ ಮುಖ ನೋಡುವುದಿಲ್ಲ. ಮುಟ್ಟಿದರೆ ಅಂಕಿ ಕೇಳುತ್ತಿತ್ತು. ಫೋಟೋ ನೋಡಬೇಕಾದರೆ ಅಂಕಿ ಒತ್ತಬೇಕು. ಆದರೆ ಯಾರಾದರೂ ಫೋನ್ ಮಾಡಿದರೆ ಅಂಕಿ ಒತ್ತದೆಯೇ ರಿಂಗಾಗುತ್ತಿತ್ತು, ಹಸಿರು ಬೊಟ್ಟು ಎಳೆದರೆ ಮಾತೂ ಬರುತ್ತಿತ್ತು. ಹಾಗಾಗಿ ವಾರಗಟ್ಟಲೆ ನಾನು ಅಂಕಿಯ ಸುದ್ದಿಗೇ ಹೋಗುತ್ತಿರಲಿಲ್ಲ.

ಅವರೆಕಾಯಿ ಕಾಲ. ಹಿಂದಿನ ರಾತ್ರಿಯಿಂದ ಕರೆಂಟ್ ಇರಲಿಲ್ಲ, ಫೋನ್ ಸತ್ತು ಹೋಗಿತ್ತು. ಆವಯ್ಯ ಬೆಳಗ್ಗೆ ಬುತ್ತಿ ಕಟ್ಟಿಸಿಕೊಂಡು ಮೇಕೆ ಹೊಡೆದುಕೊಂಡು ಹೋದ. ಹೋಗುವಾಗ ಏನಾದರೂ ಹೇಳಿದನಾ ಅಂತ ಆಮೇಲೆ ಎಲ್ಲರೂ ಕೇಳಿದರು. ಏನೂ ಹೇಳಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅಂದಿದ್ದ, ಅದು ಹಿಂದಿನ ದಿನದ ಸಾರು.

ಹೊತ್ತೇರಿದ ಮೇಲೆ ಕರೆಂಟ್ ಬಂತು. ಫೋನನ್ನ ಚಾರ್ಜಿಗೆ ಹಾಕಿ, ಸೊಸೆ ಹೇಳಿಕೊಟ್ಟ ಹಾಗೆ ಪಕ್ಕದ ಗುಂಡಿ ಒತ್ತಿ ಹಿಡಿದೆ. ಬೆಳಕು ಬಂತು. ಅಂಕಿಗಳು ಬಂದವು. ಮುಟ್ಟಿದಾಗೆಲ್ಲ ಬರುತ್ತಿದ್ದ ಅಂಕಿಗಳೇ. ಬದುಕಿತು ಅಂದುಕೊಂಡು ಗೂಡಿನಲ್ಲಿಟ್ಟು ಅವರೆಕಾಯಿ ಸುಲಿಯಲು ಕೂತೆ.

ಫೋನ್ ಇಡೀ ದಿನ ರಿಂಗಾಗಲಿಲ್ಲ. ಬುತ್ತಿ ಜೊತೆಯಲ್ಲೇ ಹೋಗಿತ್ತಲ್ಲ, ರಿಂಗಾಗದೆ ಇದ್ದದ್ದು ನನಗೆ ಏನೂ ಅನ್ನಿಸಲಿಲ್ಲ.

ಸಂಜೆ ಮೇಕೆಗಳು ತಾವೇ ಬಂದವು. ಗಂಟೆ ಕಟ್ಟಿದ ಮೇಕೆ ಮುಂದೆ, ಮಿಕ್ಕವು ಹಿಂದೆ, ಅವುಗಳ ಹಿಂದೆ ಯಾರೂ ಇಲ್ಲ. ಆನೆ ಅಂದುಕೊಂಡೆ. ನಮ್ಮ ಕಡೆ ಮೊದಲು ನೆನಪಾಗುವುದು ಅದೇ. ಅಕ್ಕಪಕ್ಕದವರು ದೊಣ್ಣೆ, ಟಾರ್ಚು ಹಿಡಿದು ಹೊರಟರು, ನಾನೂ ಹೋದೆ. ಆನೆ ಬಂದಿರಲಿಲ್ಲ. ಆವಯ್ಯ ದಿನಾ ಕೂರುತ್ತಿದ್ದ ಬಂಡೆಗೇ ಒರಗಿ ಕೂತಿದ್ದ. ಆ ಬಂಡೆಯ ಹತ್ತಿರ ಟವರು ಚೆನ್ನಾಗಿ ಸಿಗುತ್ತದೆ. ಮೊಣಕಾಲಿನ ಕೆಳಗೆ ಟವೆಲು ಕಟ್ಟಿದ್ದ. ಕಾಲು ಊದಿ ಕಪ್ಪಾಗಿತ್ತು. ಹುಳ ಮುಟ್ಟೈತೆ ಅಂದರು, ಕೊಳಕುಮಂಡಲ ಹಾವೇ ಇರಬೇಕು ಅಂದರು. ಉಸಿರಿರಲಿಲ್ಲ. ಫೋನ್ ಜೇಬಿನಲ್ಲಿರಲಿಲ್ಲ, ಕೈಯಲ್ಲಿತ್ತು.

ನಡೆದು ಬಂದಿದ್ದರೆ ರಸ್ತೆ ಸಿಗುತ್ತಿತ್ತು. ಯಾಕೆ ಕೂತ ಅಂತ ಊರೆಲ್ಲ ಮಾತಾಡಿತು. ನನಗೆ ಗೊತ್ತು ಯಾಕೆ ಕೂತ ಅಂತ. ಊರಿಗೆ ಬರುತ್ತಿದ್ದ ನರ್ಸಮ್ಮ ಹೇಳಿದ್ದಳು, ಹಾವು ಕಚ್ಚಿದರೆ ಓಡಬೇಡಿ, ನಡೆಯಬೇಡಿ, ಅಲ್ಲೇ ಕೂತು ಜನ ಕರೆಸಿ ಅಂತ. ಹುಟ್ಟಿದಾಗಿನಿಂದ ಒಬ್ಬರ ಮಾತೂ ಕೇಳದವನು ಅದೊಂದು ಮಾತು ಕೇಳಿದ. ಕೂತ, ಜನ ಕರೆಸಿದ.

ಹಾಲು ತುಪ್ಪ ಬಿಟ್ಟ ದಿನ ನೆಂಟರೆಲ್ಲ ಹೋದ ಮೇಲೆ ಸೊಸೆ ಆವಯ್ಯನ ಬಟನ್ ಫೋನ್ ತೆಗೆದು ನೋಡಿದಳು. ಅದಕ್ಕೆ ಬೀಗವೂ ಇಲ್ಲ ಹಿಟ್ಟೂ ಇಲ್ಲ, ಯಾರು ಒತ್ತಿದರೂ ತೋರಿಸುತ್ತದೆ. ಬಿಸಿಲೇರಿದಾಗಿನಿಂದ ಹೊತ್ತು ವಾಲುವ ತನಕ ಆವಯ್ಯ ಮನೆಗೆ ಮಾಡಿದ್ದ. ಎರಡು ಸಲ, ಆಮೇಲೆ ಸ್ವಲ್ಪ ಬಿಟ್ಟು ಮತ್ತೆ ಎರಡು ಸಲ. ಮಗನಿಗೆ ಮಾಡಿರಲಿಲ್ಲ. ಫ್ಯಾಕ್ಟರಿ ಗೇಟಿನಲ್ಲೇ ಫೋನ್ ಇಸಿದುಕೊಳ್ಳುತ್ತಾರೆ ಅಂತ ಆವಯ್ಯನಿಗೆ ಗೊತ್ತಿತ್ತು. ಬೇರೆ ಯಾರಿಗೂ ಮಾಡಿರಲಿಲ್ಲ. ಯಾಕೆ ಮಾಡುತ್ತಾನೆ? ಎರಡು ಸಲ ರಿಂಗ್ ಕೊಟ್ಟಾಯಿತಲ್ಲ, ಹೆಂಡತಿ ಎದ್ದು ಬರುತ್ತಿದ್ದಾಳೆ.

ಸೊಸೆ ಗೂಡಿನಿಂದ ನನ್ನ ಫೋನ್ ತಂದಳು.

"ಅತ್ತೆ, ಆವತ್ತು ಇದು ಆಫ್ ಆಗಿತ್ತಾ?"

"ಇಲ್ಲ, ಅದ್ರಲ್ಲಿ ಬೆಳಕಿತ್ತು."

"ಅದಕ್ಕೆ ಮುಂಚೆ?"

"ಕರೆಂಟ್ ಇರ್ಲಿಲ್ವಲ್ಲ, ಸತ್ತೋಗಿತ್ತು. ಕರೆಂಟ್ ಬಂದ್ಮೇಲೆ ನಾನೇ ಆನ್ ಮಾಡ್ದೆ."

"ಅಂಕಿ ಒತ್ತಿದ್ರಾ?"

"ಯಾಕೆ ಒತ್ಲಿ? ನಾನೇನು ಫೋಟೋ ನೋಡ್ತಾ ಕೂತಿದ್ನಾ?"

ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

"ಆಫ್ ಆಗಿ ಆನ್ ಆದಾಗ ಒಳಗೆಲ್ಲ ಹಿಟ್ಟೇ ಇರ್ತದೆ ಅತ್ತೆ. ರಿಂಗ್ ಮಾಡೋದು ಹೆಂಗೆ ಅನ್ನೋದೂ ಆ ಹಿಟ್ಟೊಳಗೇ ಸೇರೈತೆ. ಮೊದಲನೇ ಸಲ ಅಂಕಿ ಒತ್ತಬೇಕು. ಅಲ್ಲೀ ತನಕ ಯಾರು ಮಾಡಿದ್ರೂ ಬರಲ್ಲ. ಒಂದು ಸಲ ಒತ್ತಿಬಿಟ್ರೆ ಆಮೇಲೆ ಒತ್ತದಿದ್ರೂ ರಿಂಗಾಗ್ತದೆ."

"ಮಾಡಿದೋರಿಗೆ ಏನು ಕೇಳ್ತದೆ?"

"ಈ ನಂಬರ್ ಸಿಗ್ತಾ ಇಲ್ಲ, ತೊಡರ್ಬಿಲ್ ಇಲ್ಲೈ ಅಂತ ತಮಿಳಲ್ಲಿ ಒಬ್ಬಳು ಹೇಳ್ತಾಳೆ."

ಕಿವಿಗೆ ಇಟ್ಟುಕೊಂಡಿದ್ದರೆ ಫೋನಿನೊಳಗಿನ ಆ ಹೆಂಗಸು ಹೇಳಿರುತ್ತಿದ್ದಳು. ತಮಿಳು ಆವಯ್ಯನಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ತೊಡೆ ಮೇಲೆ ಇಟ್ಟುಕೊಂಡು, ಕಟ್ ಮಾಡಿ, ದಾರಿ ನೋಡುತ್ತಾ ಕೂತ.

"ಇದು ನಿನಗೆ ಗೊತ್ತಿತ್ತಾ?" ಅಂತ ಕೇಳಿದೆ.

"ಆಫೀಸಲ್ಲಿ ಎಲ್ಲಾರಿಗೂ ಗೊತ್ತಿತ್ತು. ಆಮೇಲೆ ಸರಿ ಮಾಡೋಣ ಅಂತ ಇಟ್ಟಿದ್ವಿ. ಆನ್ ಮಾಡಿ ಅಂಕಿ ಒತ್ತದೆ ಯಾರಿರ್ತಾರೆ ಅಂದ್ಕೊಂಡ್ವಿ."

ಅವರ ಆಫೀಸಿನವರು ಫೋನನ್ನ ಕೈಯಿಂದ ಕೆಳಗಿಡುವುದಿಲ್ಲ. ಗೂಡಿನಲ್ಲಿಡುವವರು ಇದ್ದಾರೆ ಅಂತ ಅವರಿಗೆ ಹೊಳೆದಿಲ್ಲ. ಇವಳಿಗೆ ಹೊಳೆಯಬೇಕಾಗಿತ್ತು, ದಿನಾ ಆ ಗೂಡು ನೋಡುವವಳು. ಇದನ್ನ ಅವಳ ಮುಖಕ್ಕೇ ಹೇಳಿದೆ. ಹೂಂ ಅತ್ತೆ ಅಂದಳು.

ಮಗ ಅವಳ ಜೊತೆ ಮಾತು ಬಿಟ್ಟ. ನಿನ್ನ ಕೆಲಸ ನಮ್ಮಪ್ಪನ್ನ ತಿಂತು ಅಂದವನು ತಿಂಗಳಾನುಗಟ್ಟಲೆ ಮತ್ತೊಂದು ಮಾತಾಡಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ, "ನೀನಾದ್ರೂ ಅವಳಿಗೆ ಹೇಳವ್ವಾ, ಆ ಕೆಲಸ ಬಿಡಲಿ" ಅಂದ.

"ಬಿಟ್ರೆ ನಿಮ್ಮಪ್ಪ ಎದ್ದು ಬತ್ತಾನೇನ್ಲಾ? ಹಾವಿಗೆ ಹೇಳಿದ್ಯಾ ಕಚ್ಚೋದು ಬಿಡು ಅಂತ?"

ಅವನು ತಟ್ಟೆ ತಳ್ಳಿ ಎದ್ದು ಹೋದ. ಅವನ ಪರವಾಗಿಯೂ ನಾನು ಮಾತಾಡಲಿಲ್ಲ, ಅವಳನ್ನ ಸಮಾಧಾನ ಮಾಡಲೂ ಇಲ್ಲ. ಅದು ನನಗೆ ಬರುವುದಿಲ್ಲ. ಮುದ್ದೆ ಕಟ್ಟಿ ಇಬ್ಬರಿಗೂ ಇಟ್ಟೆ, ಬೇರೆ ಬೇರೆ ಹೊತ್ತಿನಲ್ಲಿ.

ಮೇಕೆ ಮಾರಿದೆವು. ಮೇಯಿಸುವವರಿರಲಿಲ್ಲ.

ಸೊಸೆ ಆ ಫೋನನ್ನ ಸರಿ ಮಾಡುವ ಕೆಲಸಕ್ಕೇ ಬಿದ್ದಳು. ಭಾನುವಾರವೂ ಕಂಪ್ಯೂಟರ್ ಮುಂದೆಯೇ ಕೂರುತ್ತಿದ್ದಳು. ಏನು ಮಾಡ್ತಿದ್ದೀಯ ಅಂದರೆ, ಒಂದೇ ಡಬ್ಬದಲ್ಲಿ ಎಲ್ಲಾ ಹಿಟ್ಟು ಇತ್ತಲ್ಲ ಅತ್ತೆ, ಎರಡು ಡಬ್ಬ ಮಾಡ್ತಾ ಇದೀವಿ ಅಂದಳು. ರಿಂಗು, ಅಲಾರಾಂ ಇಂಥವು ಒಂದು ಡಬ್ಬದಲ್ಲಿ. ಅದು ಫೋನ್ ಆನ್ ಆದ ಕೂಡಲೇ ತಾನೇ ತೆಗೆದುಕೊಳ್ಳುತ್ತದೆ. ಫೋಟೋ, ಮೆಸೇಜು ಇನ್ನೊಂದರಲ್ಲಿ. ಅದಕ್ಕೆ ಅಂಕಿ ಬೇಕು.

"ಮೊದಲೇ ಯಾಕೆ ಎರಡು ಮಾಡ್ಲಿಲ್ಲ?"

"ಒಂದು ಮಾಡೋದು ಸುಲಭ ಇತ್ತು."

"ಆಫೀಸಲ್ಲಿ ನಿಮ್ಮ ಮಾವನ ವಿಷಯ ಹೇಳ್ದ್ಯಾ?"

"ಒಬ್ರಿಗೆ ಹಿಂಗಾಯ್ತು ಅಂದೆ. ಯಾರು ಅಂತ ಹೇಳ್ಲಿಲ್ಲ. ಹೇಳಿದ್ರೆ ಎಲ್ಲಾರೂ ನನ್ನ ಮುಖ ನೋಡ್ತಾರೆ, ಕೆಲಸ ನೋಡಲ್ಲ."

ಆ ಮಾತು ನನಗೆ ಹಿಡಿಸಿತು. ಹಿಡಿಸಿತು ಅಂತ ಅವಳಿಗೆ ಹೇಳಲಿಲ್ಲ.

ಮತ್ತೆ ಅವರೆಕಾಯಿ ಬಂದ ಕಾಲಕ್ಕೆ ಅವಳು ಇನ್ನೊಂದು ಫೋನ್ ತಂದಳು. ಭಾನುವಾರ, ಮಧ್ಯಾಹ್ನ. ಮಗ ಒಳಗೆ ಮಲಗಿದ್ದ. ನನ್ನೆದುರೇ ಫೋನ್ ಆಫ್ ಮಾಡಿ, ಆನ್ ಮಾಡಿ ನನ್ನ ಕೈಗೆ ಕೊಟ್ಟಳು. ಬೆಳಕು ಬಂತು, ಅಂಕಿಗಳು ಬಂದವು.

"ಒತ್ತಬೇಡಿ ಅತ್ತೆ. ಆವತ್ತಿನ ಥರಾನೇ ಗೂಡಲ್ಲಿಟ್ಟು ನಿಮ್ಮ ಕೆಲಸ ನೋಡ್ಕೊಳಿ."

ಇಟ್ಟು ಬಂದು ಮೊರದ ಮುಂದೆ ಕೂತೆ. ಅವಳು ಆವಯ್ಯನ ಬಟನ್ ಫೋನ್ ತಗೊಂಡು ಹೊರಗೆ ಹೋದಳು. ಅದು ಗೊತ್ತಿದ್ದೂ ನಾನು ಕಾಯಿ ಸುಲಿಯುತ್ತಿದ್ದೆ. ಏನೋ ಯೋಚನೆ ಬಂತು, ಆವಯ್ಯ ಹೇಳಿದ ಉಪ್ಪಿನದೋ ಏನೋ.

ಗೂಡಿನಲ್ಲಿ ರಿಂಗಾಗಿ ನಿಂತಿತು. ಮತ್ತೆ ರಿಂಗಾಗಿ ನಿಂತಿತು.

ನೋಡಿದರೆ ನಾನು ಎದ್ದು ನಿಂತಿದ್ದೆ. ಮಡಿಲಿನ ಕಾಳೆಲ್ಲ ನೆಲಕ್ಕೆ ಚೆಲ್ಲಿತ್ತು. ಮೂಲೆಯ ಕೋಲು ಕೈಗೆ ಬಂದಿತ್ತು, ಹೊಸಿಲು ದಾಟಿದ್ದೆ. ಸೊಸೆ ಖಾಲಿ ಮೇಕೆ ದೊಡ್ಡಿಯ ಹತ್ತಿರ ನಿಂತಿದ್ದಳು, ಫೋನ್ ಕೆಳಗೆ ಹಿಡಿದುಕೊಂಡು. ಅವಳೂ ಕಿವಿಗೆ ಇಟ್ಟುಕೊಂಡಿರಲಿಲ್ಲ.

"ಕೇಳಿಸ್ತಾ ಅತ್ತೆ?"

"ಕೇಳಿಸ್ತು."

ಅವಳು ನನ್ನ ಕೈಯಲ್ಲಿದ್ದ ಕೋಲು ನೋಡಿದಳು. ಅವಳ ಬಾಯಿ ಸೊಟ್ಟಗಾಯಿತು. ಹಿಂದೆ ಬಾಗಿಲಲ್ಲಿ ಮಗ ಬಂದು ನಿಂತದ್ದು ನನಗೆ ಗೊತ್ತಾಯಿತು, ರಿಂಗಿಗೆ ಅವನಿಗೂ ಎಚ್ಚರವಾಗಿತ್ತು.

"ಚೆನ್ನಾಗಿ ಕೇಳ್ತದೆ. ನಿಮ್ಮ ಆಫೀಸಲ್ಲಿ ಹೇಳು," ಅಂದೆ. "ಆ ಬಟನ್ ಫೋನ್ ಇಲ್ಲಿ ಕೊಡು. ಇನ್ನು ಅದ್ರಿಂದ ಮಾಡ್ಬೇಡ."

ಕೊಟ್ಟಳು. ಮಗ ಒಳಗೆ ಹೋಗಿ ನೆಲಕ್ಕೆ ಚೆಲ್ಲಿದ್ದ ಕಾಳು ಆಯಲು ಕೂತ. ಸ್ವಲ್ಪ ಹೊತ್ತಾದ ಮೇಲೆ ಅವಳೂ ಹೋಗಿ ಅವನೆದುರು ಕೂತು ಕಾಳು ಆಯತೊಡಗಿದಳು. ನಾನು ಹೊರಗೇ ಇದ್ದೆ.