ಕಿತ್ತಳೆ ಬಣ್ಣದ ಪಿಸ್ತೂಲು

ಲಂಡನ್ನಿಗೆ ಹೊಸದಾಗಿ ಬಂದವರಿಗೆ, ಅವರು ಕೇಳದಿದ್ದರೂ, ನಾನೊಂದು ಬುದ್ಧಿಮಾತು ಹೇಳುತ್ತೇನೆ. ರೈಲಿನಲ್ಲಿ ಫೋನು ಬಂದರೆ ಪೂರ್ತಿ ಕನ್ನಡದಲ್ಲಿ ಮಾತಾಡಿ, ಇಲ್ಲವೇ ಪೂರ್ತಿ ಇಂಗ್ಲಿಷಿನಲ್ಲಿ. ಬೆರಕೆ ಮಾತ್ರ ಬೇಡ. ಇದು ಭಾಷಾಭಿಮಾನದ ಮಾತಲ್ಲ, ಪೊಲೀಸರ ಮುಂದೆ ಕೈಯೆತ್ತಿ ನಿಂತು ಕಲಿತದ್ದು.

ನಮ್ಮ ಕನ್ನಡ ಬಳಗದ ದೀಪಾವಳಿ ನಾಟಕದಲ್ಲಿ ಇನ್ಸ್‌ಪೆಕ್ಟರನ ಪಾತ್ರ ಲಂಡನ್ನಿನ ಹೇಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಧಾರವಾಡದ ಡಾಕ್ಟರಿಗೆ ಬಂತು. ಕೊನೆಯ ದೃಶ್ಯದಲ್ಲಿ ಖಳನಿಗೆ ಗುಂಡು ಹೊಡೆಯಬೇಕು. ಪಿಸ್ತೂಲು ತರುವ ಕೆಲಸ ನನಗೆ ಬಿತ್ತು. ಗೋದಾಮಿನಲ್ಲಿ ಮೂಟೆ ಎತ್ತುತ್ತಾ ಶುರುಮಾಡಿ ಸ್ವಂತ ದಿನಸಿ ಅಂಗಡಿಯವರೆಗೆ ಬಂದವನು ನಾನು. ಯಾವುದನ್ನೂ ಹೇಳಿದ ಬೆಲೆಗೆ ಕೊಂಡವನಲ್ಲ ಎಂಬುದು ಬಳಗಕ್ಕೆಲ್ಲ ಗೊತ್ತು.

ಆಟಿಕೆ ಅಂಗಡಿಯಲ್ಲಿ ಕಪ್ಪು ಪಿಸ್ತೂಲು ಕೇಳಿದೆ. ಅಂಗಡಿಯವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ಈ ದೇಶದಲ್ಲಿ ನಿಜವಾದದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಮಾತಿರಲಿ, ನಿಜದಂತೆ ಕಾಣುವ ಆಟಿಕೆ ಮಾರುವುದೂ ತಪ್ಪಂತೆ. ಸರಿಯಾದ ಕಾರಣವಿಲ್ಲದೆ ಸುಳ್ಳು ಪಿಸ್ತೂಲು ಹಿಡಿದು ಬೀದಿಗಿಳಿದರೂ ಕೇಸಂತೆ. ಅವನ ಬಳಿ ಇದ್ದದ್ದು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ನೀರಿನ ಪಿಸ್ತೂಲು. ಚೌಕಾಸಿಗೆ ಇಳಿದೆ. ಗೀರು ಬೀಳದೆ, ಬೆಲೆಚೀಟಿ ಕೀಳದೆ ಸೋಮವಾರ ತಂದರೆ ವಾಪಸು ತೆಗೆದುಕೊಳ್ಳಬೇಕು ಎಂದೆ. ಮಾತಿನಿಂದ ತಪ್ಪಿಸಿಕೊಂಡರೆ ಸಾಕೆಂದು ಒಪ್ಪಿದ.

"ಇದೇನ್ರೀ, ಗಜ್ಜರಿ?" ಎಂದರು ಡಾಕ್ಟರು; ಕ್ಯಾರೆಟ್ಟಿಗೆ ಅವರ ಕಡೆ ಹಾಗೆನ್ನುತ್ತಾರೆ. "ಕೊಡ್ರಿ ಇಲ್ಲೆ, ಬೂಟ್ ಪಾಲಿಶ್ ಹಚ್ಚಿ ಕರ್ರಗ ಮಾಡ್ತೀನಿ."

"ಮುಟ್ಬೇಡಿ ಡಾಕ್ಟ್ರೇ, ಸೋಮವಾರ ವಾಪಸ್ ಕೊಡ್ಬೇಕು."

"ಜಿಪುಣತನಕ್ಕೂ ಒಂದ್ ಮಿತಿ ಇರ್ತದ್ರಿ!"

"ಮಿತಿ ಇದ್ದಿದ್ರೆ ನಾನಿನ್ನೂ ಮೂಟೆ ಹೊರ್ತಿದ್ದೆ."

ಅವರು ಆಗ ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿದ್ದರು. ಒಂದು ಪೊಲೀಸ್ ಕೇಸ್ ಬಿದ್ದರೂ ಅರ್ಜಿ ಹೊಳೆಯ ಪಾಲು ಎಂಬ ಭಯಕ್ಕೆ, ಕೆಂಪು ದೀಪವಿದ್ದರೆ ಖಾಲಿ ರಸ್ತೆಯನ್ನೂ ದಾಟುತ್ತಿರಲಿಲ್ಲ. ಅಂಥವರು ಶನಿವಾರ ಮಧ್ಯಾಹ್ನ ನಾಟಕವಿದ್ದ ಕ್ರೋಯ್ಡನ್ನಿನ ಹಾಲ್‌ಗೆ ನನ್ನ ಜೊತೆ ಹೊರಟರು. ಪಿಸ್ತೂಲು ಅವರ ಚೀಲದ ತಳದಲ್ಲಿ, ಖಾಕಿ ಅಂಗಿಯಡಿ. ಕಿಕ್ಕಿರಿದ ರೈಲಿನಲ್ಲಿ ನಾಟಕದ ನಿರ್ದೇಶಕರ ಫೋನು ಬಂತು. ಡಾಕ್ಟರದು ವಾರ್ಡಿನ ಆ ತುದಿಗೂ ಮುಟ್ಟುವ ಗಂಟಲು.

"ಟೆನ್ಷನ್ ತಗೋಬ್ಯಾಡ್ರಿ! ಗನ್ ನನ್ ಬ್ಯಾಗಿನ್ಯಾಗ ಐತಿ. ಹಾಲ್ ಫುಲ್ ಆಗ್ಲಿ, ಫ್ಯಾಮಿಲಿ, ಚಿಲ್ಡ್ರನ್ ಎಲ್ಲಾ ಫ್ರಂಟ್‌ನ್ಯಾಗ ಕೂಡ್ಲಿ. ಫೋರ್ ಥರ್ಟಿ ಶಾರ್ಪ್ ಶೂಟ್ ಮಾಡ್ತೀನಿ, ಫಿನಿಶ್!"

ಕನ್ನಡ ಬಾರದವರ ಕಿವಿಗೆ ಇದರಲ್ಲಿ ಏನೇನು ಉಳಿಯುತ್ತದೆ, ನೀವೇ ಜರಡಿ ಹಿಡಿದು ನೋಡಿ. ಎದುರಿನ ಹೆಂಗಸು ತಿನ್ನುತ್ತಿದ್ದ ಸ್ಯಾಂಡ್‌ವಿಚ್ ಸೀಟಿನ ಮೇಲೇ ಬಿಟ್ಟು ಎದ್ದಳು. ನಮ್ಮ ಸುತ್ತ ಜಾಗವೋ ಜಾಗ. ಕಾಲು ಚಾಚಿ ಕೂತೆವು. ಜನ ಎಷ್ಟು ಒಳ್ಳೆಯವರು ಅಂದುಕೊಂಡೆ.

ಮುಂದಿನ ಸ್ಟೇಷನ್ನಿನಲ್ಲಿ ಬಾಗಿಲು ತೆರೆದಾಗ ಅರ್ಥವಾಯಿತು. ಇಲ್ಲಿ ಸಾಮಾನ್ಯ ಪೊಲೀಸರ ಸೊಂಟದಲ್ಲೂ ಪಿಸ್ತೂಲಿರುವುದಿಲ್ಲ. ನಮಗಾಗಿ ಬಂದವರ ಬಳಿ ಇತ್ತು. ಇಬ್ಬರೂ ಕೈಯೆತ್ತಿದೆವು.

"ನನ್ ಅರ್ಜಿ ಹೋತಲ್ರೀ," ಎಂದು ಡಾಕ್ಟರು ಪಿಸುಗುಟ್ಟಿದರು.

ಅಧಿಕಾರಿ ಚೀಲ ಬಿಚ್ಚಿ, ಖಾಕಿ ಅಂಗಿ ಸರಿಸಿ, ಕಿತ್ತಳೆ ಪಿಸ್ತೂಲನ್ನು ಎರಡು ಬೆರಳಲ್ಲಿ ಎತ್ತಿದ. ಬೆಲೆಚೀಟಿ ಗಾಳಿಗೆ ತಿರುಗಿತು. ನಾಟಕದ ಕಥೆ ಹೇಳಿದೆ. ಚೀಟಿ ಯಾಕಿನ್ನೂ ಇದೆ ಎಂದು ಕೇಳಿದ. ಸೋಮವಾರ ವಾಪಸು ಕೊಡಬೇಕು ಎಂದೆ. ಅವನ ಮೀಸೆ ಅಲುಗಿತು. ಇದಕ್ಕೆ ಕಪ್ಪು ಬಣ್ಣ ಬಳಿದಿದ್ದರೆ ಈ ಮಾತುಕತೆ ಠಾಣೆಯಲ್ಲಿ ನಡೆಯುತ್ತಿತ್ತು, ಈಗ ಕೇಸೇನಿಲ್ಲ, ಹೊರಡಿ ಎಂದ. ಡಾಕ್ಟರು ನನ್ನ ಮುಖ ನೋಡಲಿಲ್ಲ.

ನಾಟಕವೇನೋ ದುರಂತ. ಇನ್ಸ್‌ಪೆಕ್ಟರ್ ಗಜ್ಜರಿ ಹೊರತೆಗೆದ ಕೂಡಲೇ ಸಭೆ ಬಿದ್ದೂಬಿದ್ದು ನಕ್ಕಿತು; ಸತ್ತ ಖಳನ ಹೊಟ್ಟೆಯೂ ಕುಲುಕುತ್ತಿತ್ತು.

ವಾಪಸು ಬರುವಾಗ ರೈಲಿನಲ್ಲಿ ಡಾಕ್ಟರ ಹೆಂಡತಿಯ ಫೋನು ಬಂತು. ಅವರು ಆಸ್ಪತ್ರೆಯ ಡ್ಯೂಟಿಯಲ್ಲಿದ್ದುದರಿಂದ ನಾಟಕಕ್ಕೆ ಬಂದಿರಲಿಲ್ಲ. ಡಾಕ್ಟರು ಸುತ್ತ ಕಣ್ಣಾಡಿಸಿ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದೇ ಪದ ಆರಿಸಿ ಹೇಳಿದರು: "ಪ್ರದರ್ಶನ ಸುಗಮವಾಗಿ ನೆರವೇರಿತು. ಮಾರ್ಗಮಧ್ಯದಾಗ ಆರಕ್ಷಕರು ತಪಾಸಣೆ ಮಾಡಿದ್ರು. ಆಯುಧ ಸುರಕ್ಷಿತ ಐತಿ."

ಆ ಕಡೆಯಿಂದ ನನಗೂ ಕೇಳುವಷ್ಟು ಜೋರಾಗಿ ಬಂತು: "ಏನಾಗೇತ್ರಿ ನಿಮಗ? ಕನ್ನಡದಾಗ ಮಾತಾಡ್ರಿ!"