ಆರಿದ ಮಂಗಳಾರತಿ

ಮದ್ದೂರು ಪೇಟೆಯ ಸಣ್ಣ ಗುಡಿಯೊಂದರ ಅರ್ಚಕ ತಿರುನಾರಾಯಣ ಅಯ್ಯಂಗಾರರಿಗೆ ಸಾವಿರದ ಒಂಬೈನೂರ ಮೂವತ್ತೈದರ ಹೊತ್ತಿಗೆ ಎರಡು ಕಣ್ಣೂ ಪೂರ್ತಿ ಹೋಗಿದ್ದವು. ಹಾಗಂತ ಅವರು ಪೂಜೆ ಬಿಟ್ಟವರಲ್ಲ. ನಲವತ್ತು ವರ್ಷ ಮುಟ್ಟಿದ ವಿಗ್ರಹ, ಯಾವ ಹೂವು ಎಲ್ಲಿ ನಿಲ್ಲುತ್ತದೆಂದು ಬೆರಳಿಗೇ ಗೊತ್ತು. ದೇವರಿಂದ ಹೊಸ್ತಿಲಿಗೆ ಏಳು ಹೆಜ್ಜೆ. ಅವರು ತುಸು ತಡವರಿಸಿದರೂ ಹೊರಗಿನ ಭಕ್ತರು ಅಯ್ಯೋ ಪಾಪ ಎಂದು ಲೊಚಗುಟ್ಟುತ್ತಿದ್ದರು. ಅದೊಂದು ಮಾತ್ರ ಅವರಿಗೆ ಅಭ್ಯಾಸವಾಗಲೇ ಇಲ್ಲ.

ಒಂದು ಶನಿವಾರ ಬೆಳಿಗ್ಗೆ ಮಂಗಳಾರತಿ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದರು. ಒಬ್ಬೊಬ್ಬರೇ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು. ಬಳೆಗಳ ಸದ್ದು ತಟ್ಟೆಯ ಮೇಲೆ ಹಾದುಹೋಯಿತು. ಅಷ್ಟರಲ್ಲಿ ಆರಿದ ಬತ್ತಿಯ ಕಮಟು ಅಯ್ಯಂಗಾರರ ಮೂಗಿಗೆ ಬಡಿಯಿತು. ಅಂಗೈ ಆಡಿಸಿ ನೋಡಿದರು. ಬಿಸಿಯೇ ಇಲ್ಲ.

"ಇದು ಆರಿ ಎಷ್ಟು ಹೊತ್ತಾಯಿತು?"

ಸೊಪ್ಪು ಮಾರುವ ದ್ಯಾವಮ್ಮ ಬಾಯಿಬಿಟ್ಟಳು. "ಒಸ್ಲಿಗೆ ಬರೋ ಮುಂಚೇನೇ ಗಾಳೀಗೆ ಆರೋಯ್ತು ಸ್ವಾಮೇರೆ. ನೀವು ನೊಂದ್ಕತೀರಿ ಅಂತ ಯಾರೂ ಯೋಳ್ನಿಲ್ಲ."

ಅಯ್ಯಂಗಾರರು ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು. "ಕಣ್ಣು ಹೋಗಿದೆ, ನಿಜ. ಕಿವಿ ಹೋಗಿಲ್ಲವಲ್ಲ ದ್ಯಾವಮ್ಮ! ಆರಿದ್ದರೆ ಆರಿದೆ ಅನ್ನಬೇಕು. ನನ್ನ ಮೇಲಿನ ಕನಿಕರಕ್ಕೆ ದೇವರೆದುರು ಸುಳ್ಳನ್ನ ಕಣ್ಣಿಗೊತ್ತಿಕೊಳ್ತೀರಾ?"

ಮುಂದಿನ ಶನಿವಾರವೂ ಗಾಳಿ ಬೀಸಿತು. ಅವರು ನಾಲ್ಕನೆಯ ಹೆಜ್ಜೆ ಇಟ್ಟಿದ್ದರಷ್ಟೇ, ದ್ಯಾವಮ್ಮನ ಗಂಟಲು ಗುಡಿಯಿಡೀ ಕೇಳಿಸಿತು.

"ಆರೋಯ್ತು ಸ್ವಾಮೇರೆ! ತಿರ್ಗ ಅಚ್ಕೊಂಡ್ ಬನ್ನಿ, ಕಾಯ್ತೀವಿ."

ನಾಲ್ಕು ಹೆಜ್ಜೆ ಎಣಿಸಿಕೊಂಡು ಹಿಂದಕ್ಕೆ ಹೋದರು. ನಂದಾದೀಪದ ಬಿಸಿ ಹುಡುಕಿ, ತಡವರಿಸುತ್ತಲೇ ಬತ್ತಿ ಹೊತ್ತಿಸಿದರು. ಹೊರಗೆ ಅಷ್ಟು ಜನ ನಿಂತಿದ್ದರೂ ಒಬ್ಬರೂ ಲೊಚಗುಟ್ಟಲಿಲ್ಲ. ಕಣ್ಣು ಹೋದ ಮೇಲೆ, ಆ ಸದ್ದಿಲ್ಲದೆ ಅವರು ದೀಪ ಹಚ್ಚಿದ್ದು ಅದೇ ಮೊದಲು.