ಹಪ್ಪಳದ ಪಕ್ಕದ ಹಳದಿ ಬಾಟಲಿ

ಮೇ ತಿಂಗಳ ಬಿಸಿಲನ್ನು ಖಾಲಿ ಬಿಡುವುದು ನಮ್ಮಲ್ಲಿ ಮಹಾಪಾಪ. ಹಲಸಿನ ಹಪ್ಪಳ, ಹುಣಸೆಹಣ್ಣು, ಹಾಸಿಗೆ, ಎಲ್ಲವೂ ಟೆರೇಸಿಗೆ ಹೋಗಬೇಕು. ಆ ದಿನ ಮೊಮ್ಮಗಳ ಬಾಟಲಿಯನ್ನೂ ಒಯ್ದೆ.

ಮಾರನೆಯ ದಿನ ಅವಳಿಗೆ ಪುತ್ತೂರಿನ ಕಾಲೇಜೊಂದರಲ್ಲಿ ಲೆಕ್ಚರರ್ ಹುದ್ದೆಗೆ ಡೆಮೊ ಕ್ಲಾಸ್. ಅಷ್ಟರಲ್ಲೇ ಮೂರು ಕಾಲೇಜುಗಳು ಬಹಳ ಪೊಲೈಟಾಗಿ ಅವಳನ್ನು ಬೇಡವೆಂದಿದ್ದವು. ಬಾಟಲಿಯಲ್ಲಿ ಆ ಪಾಠಕ್ಕೆ ತೋರಿಸಲೆಂದು ಬಿ-ಟೂ ವಿಟಮಿನ್ ಕರಗಿಸಿದ ಹಳದಿ ನೀರಿತ್ತು. ಫಾಯಿಲ್ ಸುತ್ತಿ ಕಪಾಟಿನ ಕತ್ತಲಲ್ಲಿಟ್ಟಿದ್ದಳು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದು ಎರಡೇ: ಇಂಗ್ಲಿಷ್ ಮತ್ತು ನೋ ವೇಸ್ಟೇಜ್. ಫಾಯಿಲನ್ನು ಬಿಚ್ಚಿ, ನೀವಿ, ಮಡಚಿಟ್ಟೆ.

ಸಂಜೆ ಅವಳು ನೇರಳೆ ಬೆಳಕಿನ ಟಾರ್ಚ್ ಬಿಟ್ಟು ನೋಡಿದಳು. ಹಿಂದಿನ ದಿನ ಹಸಿರಾಗಿ ಹೊಳೆದ ನೀರು ಈಗ ನೀಲಿ.

"ಎಂತ ಮಾಡಿದ್ರಿ ಅಜ್ಜಿ ಇದಕ್ಕೆ?"

"ಎಂತ ಇಲ್ಲ ಮಾರಾಯ್ತಿ, ಬೂಷ್ಟು ಹಿಡಿದೀತು ಅಂತ ಹಪ್ಪಳದೊಟ್ಟಿಗೆ ಬಿಸಿಲಿಗೆ ಇಟ್ಟೆ."

"ಬೆಳಕು ಬಿದ್ರೆ ವಿಟಮಿನ್ ಒಡೀತದೆ! ಫಾಯಿಲ್ ಸುತ್ತಿದ್ದು ಚಂದಕ್ಕೆ ಅಂತ ಗ್ರಹಿಸಿದ್ರಾ?"

ಡಾಕ್ಟರೇಟ್ ಮಾಡಿದವಳಿಗೆ ಒಂದು ಚೀಟಿ ಅಂಟಿಸಲು ತಿಳಿಯಲಿಲ್ಲವೇ ಎಂದು ಕೇಳಬಹುದಿತ್ತು. ಅವಳ ಕಣ್ಣು ತುಂಬಿದ್ದು ನೋಡಿ ನನ್ನ ಮಾತ್ರೆಯ ಡಬ್ಬಿ ತಂದೆ. ಬಾಯಿಹುಣ್ಣಿಗೆಂದು ಡಾಕ್ಟರು ಬರೆದಿದ್ದ ನನ್ನ ಬಿ-ಟೂ ಮಾತ್ರೆಗಳನ್ನೇ ಪುಡಿ ಮಾಡಿ, ಕಲಸಿ, ಸೋಸಿದೆವು. ಟಾರ್ಚಿಗೆ ಹಸಿರಾಗಿ ಹೊಳೆಯಿತು. ಈ ಸಲ ಫಾಯಿಲನ್ನು ನಾನೇ ಸುತ್ತಿದೆ, ಮೂರು ಸುತ್ತು.

ಆಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ನನಗೇ ಪಾಠ ಒಪ್ಪಿಸಿದಳು.

"ಗಾಳಿಯ ಆಕ್ಸಿಜನ್ ದೊಡ್ಡ ಸೋಮಾರಿ ಅಜ್ಜಿ, ತಾನಾಗಿ ಕೆಲಸಕ್ಕೆ ಬರುದಿಲ್ಲ. ಈ ವಿಟಮಿನ್‌ನಿಂದ ಆದ ಫ್ಲೇವಿನ್ ಎನ್‌ಜೈಮಿನ ಒಳಗೆ ಕೂತು ಅದನ್ನು ಹಿಡೀತದೆ. ಅದರ ಒಂದು ಪರಮಾಣುವನ್ನು ಬೆಳ್ಳುಳ್ಳಿಯ ಗಂಧಕಕ್ಕೆ ಅಂಟಿಸ್ತದೆ, ಇನ್ನೊಂದು ನೀರಾಗಿ ಹೋಗ್ತದೆ. ಹಾಗೆ ಆದ ವಸ್ತುವಿಂದಲೇ ಜಜ್ಜುವಾಗ ಈ ಘಾಟು ಬರುದು."

ಐವತ್ತು ವರ್ಷ ಒಗ್ಗರಣೆ ಹಾಕಿದವಳಿಗೆ ಇದು ನ್ಯೂಸ್. ಬಿ-ಟೂ ಇಲ್ಲದಿದ್ದರೆ ಬಾಯಿ ಒಡೆಯುತ್ತದೆಂದು ನಾವೂ ಬಾಯಿಪಾಠ ಮಾಡಿದ್ದೆವು. ಯಾಕೆ ಸಿಸ್ಟರ್ ಎಂದು ಕೇಳಿದ್ದೆ. "ನಾಟ್ ಇನ್ ದ ಪೋರ್ಷನ್, ಸಿಟ್ ಡೌನ್." ಕೂತವಳು ಕೂತೇ ಬಿಟ್ಟೆ.

ಮರುದಿನ ಎರಡೂ ಬಾಟಲಿ ಒಯ್ದಳು. ಸಂದರ್ಶನಕ್ಕೆ ಕೂತಿದ್ದ ಮಹನೀಯರು ಫ್ಲೇವಿನ್ ಬಗ್ಗೆ ಕೇಳಿದ್ದು ಕಡಿಮೆಯಂತೆ. ಆ ನೀಲಿ ಬಾಟಲಿ ಹಾಳಾದದ್ದು ಹೇಗೆಂದೇ ಎಲ್ಲರ ಪ್ರಶ್ನೆ. ಹಪ್ಪಳದ ಕಥೆ ಹೇಳಿ, ಬೆಳಕಿಗೆ ವಿಟಮಿನ್ ಒಡೆಯುವುದನ್ನು ವಿವರಿಸಿದಳಂತೆ. ಕೆಲಸ ಸಿಕ್ಕಿತು.

ನನಗೂ ಕ್ರೆಡಿಟ್ ಸಿಕ್ಕಿದೆ. ಮನೆಯ ಬಾಟಲಿಗಳಿಗೆಲ್ಲ ಈಗ ಚೀಟಿ ಉಂಟು: "ಅಜ್ಜಿ, ಮುಟ್ಟಬೇಡಿ." ನಾನೇ ಹಾಕಿದ ಮಾವಿನಮಿಡಿಯ ಮೇಲೂ.